ಪಿಟೀಲುಗಳ ಹಿಂದೆ ನಿಂತವಳು

"ಅಪ್ಪಾ, ಇದ್ರಲ್ಲಿ ಇನ್ನೂ ಯಾರೋ ಉಳ್ಕೊಂಡಿದಾರೆ" ಎನ್ನುತ್ತ ಮಗಳು ಹೆಡ್‌ಫೋನನ್ನು ಕಿವಿಯಿಂದ ಕುತ್ತಿಗೆಗೆ ಇಳಿಸಿಕೊಂಡಳು.

ಟೇಪಣ್ಣ ಕಿಟಕಿಯ ಬೆಳಕಿಗೆ ಕೂತು ಮೈಕಿನ ವೈರೊಂದಕ್ಕೆ ಬೆಸುಗೆ ಹಾಕುತ್ತಿದ್ದ. ತಲೆ ಎತ್ತದೆಯೇ, "ಬಾಗಿಲು ಹಾಕೋ ಹೊತ್ತಾಯ್ತು ಅಂತ ಹೇಳಿ ಎಬ್ಬಿಸಿ ಕಳಿಸು" ಅಂದ.

"ತಮಾಷೆ ಅಲ್ಲಪ್ಪ. ಎರಡು ಸಲ ಸೋಸಿದೆ. ಹಾಡಿದವರ ಧ್ವನಿ ಪೂರ್ತಿ ಹೋಯ್ತು. ಆದ್ರೆ ಪಿಟೀಲಿನ ಹಿಂದೆ ಇನ್ನೊಂದು ಹೆಣ್ಣು ಧ್ವನಿ ಇದೆ. ಪಕ್ಕದ ಮನೇಲಿ ಯಾರೋ ಹಾಡ್ಕೊಳ್ತಿರೋ ಹಾಗೆ."

"ಹಳೇ ರೆಕಾರ್ಡಿಂಗು. ಅದೇ ಧ್ವನೀದು ಒಂದಿಷ್ಟು ಗುಂಯ್ ಅಂತ ಉಳಿದಿರುತ್ತೆ. ಪ್ರತಿಧ್ವನಿ."

"ಪ್ರತಿಧ್ವನಿ ಆದ್ರೆ ಹಿಂದೆ ತಾನೆ ಬರಬೇಕು? ಇದು ಮುಂದೆ ಹೋಗುತ್ತೆ. ಅವರು ಬಾಯಿ ತೆರೆಯೋಕೆ ಮುಂಚೇನೇ ಇದು ಶುರು ಮಾಡಿರುತ್ತೆ."

ಬೆಸುಗೆಯ ಕಡ್ಡಿಯಿಂದ ಹೊಗೆ ಏಳುತ್ತಲೇ ಇತ್ತು. ಟೇಪಣ್ಣನ ಕೈ ಮಾತ್ರ ನಿಂತಿತು.

"ಯಾವ ಹಾಡು ಅದು?"

"ದೋಣಿ ಹಾಡು. ಸೋಮವಾರ ನೀನು ಇಲ್ಲದಾಗ ರಿಟೈರಾದ ನರ್ಸಮ್ಮ ಒಬ್ರು ಬಂದಿದ್ರಲ್ಲ, ಅವರದು. ಶುಕ್ರವಾರ ಅವರ ಸಂಘದಲ್ಲಿ ಹಾಡ್ಬೇಕಂತೆ. ಆ ಧ್ವನಿ ಒಂದು ಚೂರೂ ಉಳೀಬಾರದು, ಉಳಿದ್ರೆ ನಾನು ಹೆದರಿ ನಿಲ್ಲಿಸಿಬಿಡ್ತೀನಿ ಅಂದ್ರು. ಆಸ್ಪತ್ರೆ ಪೂರ್ತಿ ಆಳಿದ ಹೆಂಗಸು ಒಂದು ಹಾಡಿಗೆ ಹೆದರ್ತಾರೆ ನೋಡು."

ಬೀಗದ ಕೈ ಮಾಡುವವನ ಅಂಗಡಿಯ ಮೇಲಿನ ಎರಡು ಕೋಣೆಗಳೇ ಟೇಪಣ್ಣನ ಸ್ಟುಡಿಯೋ. ಕೆಳಗೆ ಅವನು ಅರ ಹಿಡಿದು ಉಜ್ಜಲು ಶುರು ಮಾಡಿದರೆ ಮೇಲೆ ರೆಕಾರ್ಡಿಂಗ್ ನಿಲ್ಲಿಸಬೇಕು; ಮೇಲೆ ರೆಕಾರ್ಡಿಂಗ್ ನಡೆದರೆ ಕೆಳಗೆ ಅವನು ಉಜ್ಜುವುದನ್ನು ನಿಲ್ಲಿಸಬೇಕು. ಇಬ್ಬರೂ ಹದಿನಾರು ವರ್ಷದಿಂದ ಹೀಗೆ ಒಬ್ಬರ ಹೊಟ್ಟೆಯ ಮೇಲೆ ಒಬ್ಬರು ಹೊಡೆಯದೆ ಹೊಂದಿಕೊಂಡು ಬಂದಿದ್ದರು. ಹಾಡಿನಿಂದ ಹಾಡಿದವರನ್ನು ತೆಗೆಯುವುದೇ ಟೇಪಣ್ಣನ ಕಸುಬು. ಆಫೀಸಿನ ವಾರ್ಷಿಕ ಸಮಾರಂಭಕ್ಕೆ, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ, ಬೀಳ್ಕೊಡುಗೆಗೆ ಹಾಡುವವರೆಲ್ಲ ತಮ್ಮ ಮೆಚ್ಚಿನ ಹಾಡನ್ನು ತಂದುಕೊಡುತ್ತಿದ್ದರು. ಅವನು ಧ್ವನಿಯನ್ನು ತೆಗೆದು ಬರೀ ವಾದ್ಯಗಳನ್ನು ಉಳಿಸಿಕೊಡುತ್ತಿದ್ದ. ಮೊದಮೊದಲು ಇದು ಒರಟು ಕೆಲಸ. ಧ್ವನಿಯ ಜೊತೆ ಡೋಲೂ ಹೋಗುತ್ತಿತ್ತು, ಉಳಿದದ್ದು ಬಕೆಟ್ಟಿನೊಳಗೆ ಕೂತು ಬಾರಿಸಿದ ಹಾಗೆ ಕೇಳುತ್ತಿತ್ತು. ಈಗ ಮಗಳ ಕಂಪ್ಯೂಟರು ಅನ್ನದಲ್ಲಿ ಬಿದ್ದ ಕೂದಲನ್ನು ಎತ್ತಿದಷ್ಟು ನಯವಾಗಿ ಧ್ವನಿಯನ್ನು ಎತ್ತಿ ಪಕ್ಕಕ್ಕಿಡುತ್ತಿತ್ತು. ಅವಳು ಕೆಲಸಕ್ಕೆ ಸೇರಿಕೊಂಡ ಮೇಲೆ ಟೇಪಣ್ಣನ ಪಾಲಿಗೆ ಉಳಿದದ್ದು ವೈರು, ಬೆಸುಗೆ ಮತ್ತು ಬಂದವರ ಜೊತೆ ಮಾತು.

ಆದರೆ ದೋಣಿಯ ಹಾಡನ್ನು ಅವನು ಯಾರಿಗೂ ಮಾಡಿಕೊಡುತ್ತಿರಲಿಲ್ಲ. ಕೇಳಿಕೊಂಡು ಬಂದವರಿಗೆ, "ಅದರ ರೆಕಾರ್ಡಿಂಗ್ ಸರಿ ಇಲ್ಲ, ಬಿಡಿಸೋಕಾಗಲ್ಲ, ಬೇರೆ ಹಾಡು ಹೇಳಿ" ಎಂದು ಕಳಿಸುತ್ತಿದ್ದ. ಇದನ್ನು ಮಗಳಿಗೆ ಹೇಳಿರಲಿಲ್ಲ. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದಳು.

ಎದ್ದು ಬಂದು ಹೆಡ್‌ಫೋನ್ ಹಾಕಿಕೊಂಡ. ಮಗಳು ಗುಂಡಿ ಒತ್ತಿದಳು.

ಪಿಟೀಲುಗಳು ಬಂದವು, ಕೊಳಲು ಬಂತು. ಧ್ವನಿ ಬರಬೇಕಾದ ಕಡೆ ಖಾಲಿ ಜಾಗ ತೆರೆದುಕೊಂಡಿತು. ಆ ಖಾಲಿಯ ತಳದಲ್ಲಿ, ಪಿಟೀಲುಗಳ ಆಚೆ, ಸಣ್ಣದೊಂದು ಧ್ವನಿ ನಡೆಯುತ್ತಿತ್ತು. ಮಾತುಗಳು ಒಡೆದಿದ್ದವು, ಸ್ವರ ಮಾತ್ರ ಎಳೆ ಕಡಿಯದೆ ಸಾಗುತ್ತಿತ್ತು. ಎರಡನೇ ಚರಣದ ಕೊನೆಗೆ 'ದೂರ' ಎಂಬ ಮಾತಿದೆ. ಲೋಕಕ್ಕೆಲ್ಲ ಗೊತ್ತಿರುವ ಗಾಯಕಿ ಅದನ್ನು ನೇರವಾಗಿ ಎಳೆದು ನಿಲ್ಲಿಸುತ್ತಾಳೆ. ಈ ಧ್ವನಿ ಹಾಗೆ ಮಾಡಲಿಲ್ಲ. ಹೋಗಲೋ ಬೇಡವೋ ಎಂದು ಒಮ್ಮೆ ಹಿಂತಿರುಗಿ ನೋಡಿದ ಹಾಗೆ, ಅರ್ಧದಲ್ಲಿ ಚಿಕ್ಕದೊಂದು ತಿರುವು ತೆಗೆದುಕೊಂಡು ಆಮೇಲೆ ಹೋಯಿತು.

ಟೇಪಣ್ಣ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಅದು ಜಾರಿ ಕೆಳಗೆ ಬೀಳುವುದನ್ನು ಮಗಳು ಹಿಡಿದುಕೊಂಡಳು.

"ಯಾರಪ್ಪ ಅದು?"

"ನಿಮ್ಮತ್ತೆ" ಅಂದ.

ಮೂವತ್ತೆಂಟು ವರ್ಷದ ಹಿಂದಿನ ಮಾತು. ಆಗ ಅಕ್ಕನಿಗೆ ಇಪ್ಪತ್ತಾರು, ಅವನಿಗೆ ಇಪ್ಪತ್ತೆರಡು. ಊರಾಚೆಯ ದೊಡ್ಡ ಸ್ಟುಡಿಯೋದಲ್ಲಿ ಅಕ್ಕ ಹಿಮ್ಮೇಳದ ಗುಂಪಿನಲ್ಲಿ ಹಾಡುತ್ತಿದ್ದಳು. ಕೆಲಸವಿಲ್ಲದೆ ಬೀದಿ ಅಳೆಯುತ್ತಿದ್ದ ತಮ್ಮನನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ಸಂಗೀತದ ಮೇಷ್ಟ್ರ ಮುಂದೆ ನಿಂತು, "ಇವನ ಕಿವಿ ಚುರುಕು ಸಾರ್, ಕೈಯನ್ನ ನೀವು ಚುರುಕು ಮಾಡಿ" ಎಂದಿದ್ದಳಂತೆ. ಅವನು ಕತ್ತರಿಸಿದ ಟೇಪಿನ ತುಂಡುಗಳನ್ನು ಕಳೆದುಹೋಗದಿರಲಿ ಎಂದು ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದ. ಅದಕ್ಕೇ ವಾದ್ಯದವರು ಟೇಪಣ್ಣ ಎಂದು ಕರೆದರು, ಅದೇ ನಿಂತಿತು. ಎರಡು ವರ್ಷ ಕಳೆಯುವಷ್ಟರಲ್ಲಿ ರೆಕಾರ್ಡಿಂಗ್ ಯಂತ್ರದ ಮುಂದಿನ ಕುರ್ಚಿಯಲ್ಲೇ ಕೂರಿಸಿದ್ದರು.

ಆ ದಿನ ಒಂದು ಸಿನಿಮಾದ ದೋಣಿ ಹಾಡಿಗೆ ಇಪ್ಪತ್ತೆರಡು ಜನ ವಾದ್ಯದವರು ಬಂದು ಕೂತಿದ್ದರು. ಹಾಡಬೇಕಾದ ಗಾಯಕಿಗೆ ಗಂಟಲು ಕೆಟ್ಟಿದೆ, ಬರುವುದಿಲ್ಲ ಎಂದು ಫೋನು ಬಂತು. ವಾದ್ಯದವರನ್ನು ಸುಮ್ಮನೆ ಕಳಿಸುವ ಹಾಗಿರಲಿಲ್ಲ. ಮೇಷ್ಟ್ರು ಅತ್ತಿತ್ತ ನೋಡಿ ಅಕ್ಕನನ್ನು ಕರೆದರು. "ವಾದ್ಯದವರಿಗೆ ಜಾಗ ಗೊತ್ತಾಗ್ಲಿ ಅಂತ ಹಾಡು ತಾಯಿ. ಬಾಕಿದು ಆಮೇಲೆ ನೋಡೋಣ." ಹಾಡುವವರ ಗಾಜಿನ ಕೋಣೆಗೆ ಆ ವಾರ ಬಣ್ಣ ಬಳಿಯುತ್ತಿದ್ದರು. ಹಾಗಾಗಿ ಪಿಟೀಲಿನವರ ಹಿಂದೆ ಒಂದು ಮರದ ತಡಿಕೆ ಇಟ್ಟು, ಅದರ ಮರೆಯಲ್ಲಿ ಅಕ್ಕನನ್ನು ನಿಲ್ಲಿಸಿದರು.

ಮೂರನೇ ಸಲಕ್ಕೆ ಹಾಡು ಕೂತಿತು. ಮುಗಿದ ಮೇಲೆ ಯಾರೂ ಅಲುಗಾಡಲಿಲ್ಲ. ಎಲ್ಲರಿಗಿಂತ ಹಿರಿಯ ಪಿಟೀಲಿನವರು ಕಮಾನನ್ನು ತೊಡೆಯ ಮೇಲಿಟ್ಟುಕೊಂಡು ತಡಿಕೆಯ ಕಡೆ ತಿರುಗಿ ಕೂತಿದ್ದರು. ಮೇಷ್ಟ್ರು ಟೇಪಣ್ಣನ ಕೋಣೆಗೆ ಬಂದು, ಕನ್ನಡಕ ಒರೆಸಿಕೊಳ್ಳುತ್ತ, "ಇದೇ ಇರ್ಲಿ ಕಣಯ್ಯ" ಅಂದರು. "ಇನ್ಯಾರನ್ನೂ ಕರೆಯೋದು ಬೇಡ."

ಹನ್ನೊಂದು ದಿನ ಅದು ಅಕ್ಕನ ಹಾಡಾಗಿತ್ತು. ಸಿನಿಮಾ ಹೊರಗೆ ಬರುವವರೆಗೂ ಬಾಯಿ ಬಿಡುವುದಿಲ್ಲ ಎಂದು ಮನೆಯಲ್ಲಿ ಅದನ್ನು ಗುನುಗಲೂ ಇಲ್ಲ. ಬರೀ ಮುಖದಲ್ಲಿ ಇಟ್ಟುಕೊಂಡು ಓಡಾಡಿದಳು. ಹನ್ನೆರಡನೇ ದಿನ ಸಿನಿಮಾದ ಯಜಮಾನ ಬಂದು ಹಾಡು ಕೇಳಿದ. "ಹುಡುಗಿ ಚೆನ್ನಾಗೇ ಹಾಡಿದಾಳೆ. ಆದ್ರೆ ಪೋಸ್ಟರ್ ಮೇಲೆ ಯಾರ ಹೆಸರು ಹಾಕ್ಲಿ?" ಎಂದ. ಮೇಷ್ಟ್ರು ಏನೋ ಹೇಳಲು ಹೋದರು, ನುಂಗಿಕೊಂಡರು. ಗಂಟಲು ಸರಿಹೋದ ಗಾಯಕಿ ಮಾರನೆಯ ಬೆಳಗ್ಗೆ ಹತ್ತಕ್ಕೆ ಬರುವುದೆಂದು ನಿಶ್ಚಯವಾಯಿತು.

ಆ ಕಾಲದ ಟೇಪಿನಲ್ಲಿ ಧ್ವನಿ ಹಿಡಿಯಲು ಅಕ್ಕಪಕ್ಕ ನಾಲ್ಕೇ ಸಾಲು. ಮೂರರಲ್ಲಿ ವಾದ್ಯಗಳು, ಒಂದರಲ್ಲಿ ಅಕ್ಕ. ಹೊಸ ಧ್ವನಿ ಕೂರಬೇಕಾದರೆ ಅಕ್ಕ ಏಳಲೇಬೇಕು. ಮೇಷ್ಟ್ರು ಹೋಗುವಾಗ ಟೇಪಣ್ಣನ ಹೆಗಲ ಮೇಲೆ ಕೈಯಿಟ್ಟು, "ಅದನ್ನ ಅಳಿಸೋಕೆ ಮುಂಚೆ ಬೇರೆ ಟೇಪಿಗೆ ಒಂದು ಪ್ರತಿ ಇಳಿಸಿ ನಿಮ್ಮಕ್ಕನಿಗೆ ಕೊಡು. ಅವಳಿಗೆ ವಿಷಯ ನಾನೇ ಹೇಳ್ತೀನಿ" ಅಂದರು.

ಪ್ರತಿ ಮಾಡಲು ಹೊಸ ಟೇಪು ಬೇಕು. ಹೊಸ ಟೇಪಿಗೆ ಸ್ಟೋರಿನವನ ಹತ್ತಿರ ಹೋಗಬೇಕು. ಅವನಿಗೆ ಮ್ಯಾನೇಜರ ಸಹಿ ಇರುವ ಚೀಟಿ ಬೇಕು. ಸ್ಟೋರಿನವನೋ, ಬಲ್ಬು ಸುಟ್ಟಿದೆ ಎಂದರೂ ಸುಟ್ಟ ಬಲ್ಬನ್ನು ತಂದು ತೋರಿಸು ಎನ್ನುವ ಆಸಾಮಿ. ಯಾರಿಗೆ ಟೇಪು, ನಿಮ್ಮಕ್ಕನಿಗಾ ಎಂದು ಎಲ್ಲರ ಮುಂದೆ ಕೇಳಿದರೆ? ಟೇಪಣ್ಣ ಕುರ್ಚಿಗೆ ಬಂದು ಇನ್ನೂ ಮೂರು ತಿಂಗಳು. ಬೆಳಗ್ಗೆ ಒಂಬತ್ತೂವರೆಗೆ ಸ್ಟೋರಿನ ಬಾಗಿಲವರೆಗೆ ಹೋದ. ಒಳಗೆ ಸ್ಟೋರಿನವನು ಯಾರಿಗೋ ಬೈಯುತ್ತಿದ್ದ. ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು ವಾಪಸು ಬಂದ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಅವನಿಗೆ ಆಗಲೂ ಇರಲಿಲ್ಲ, ಆಮೇಲೆ ಹುಡುಕಿದರೂ ಸಿಗಲಿಲ್ಲ.

ಹತ್ತಕ್ಕೆ ಗಾಯಕಿ ಬಂದಳು. ಟೇಪಣ್ಣ ಕೆಂಪು ಗುಂಡಿ ಒತ್ತಿದ. ಹೊಸ ಧ್ವನಿ ಒಂದೊಂದೇ ಅಕ್ಷರವಾಗಿ ಬಂದು ಕೂತ ಹಾಗೆ ಹಳೆಯದು ಒಂದೊಂದೇ ಅಕ್ಷರವಾಗಿ ಎದ್ದು ಹೋಯಿತು. ನಾಲ್ಕೂವರೆ ನಿಮಿಷ.

ಸಂಜೆ ಮನೆಗೆ ಬಂದು ಅಕ್ಕನಿಗೆ, ಯಂತ್ರ ಟೇಪನ್ನು ಕಚ್ಚಿಕೊಂಡು ಹರಿದುಹಾಕಿತು ಎಂದ. ನಿನ್ನ ಧ್ವನಿ ಇದ್ದ ಭಾಗವೆಲ್ಲ ಹಾಳಾಯಿತು, ಅವಸರಕ್ಕೆ ಬೇರೆಯವರ ಕೈಲಿ ಹಾಡಿಸಿದರು ಎಂದ. ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು ಬಂದು ಅವನ ಮುಖವನ್ನು ನೋಡಿ, "ನಿನ್ನ ಕೆಲಸಕ್ಕೇನೂ ತೊಂದರೆ ಆಗಲ್ವಲ್ಲ?" ಎಂದು ಕೇಳಿದಳು.

"ಅತ್ತೆ ಹಾಡ್ತಿದ್ರಾ?" ಮಗಳು ಕುರ್ಚಿಯನ್ನು ಪೂರ್ತಿ ಅವನ ಕಡೆ ತಿರುಗಿಸಿಕೊಂಡಿದ್ದಳು. "ನಮ್ಮತ್ತೆ? ನಾನು ಒಂದು ದಿನಾನೂ ಕೇಳಿಲ್ವಲ್ಲಪ್ಪ!"

"ಯಾರೂ ಕೇಳ್ಲಿಲ್ಲ" ಅಂದ ಟೇಪಣ್ಣ.

ಪಿಟೀಲಿನವರ ಮೈಕುಗಳು ತಮ್ಮ ಬೆನ್ನ ಹಿಂದೆ ನಿಂತವಳನ್ನೂ ಒಂದಿಷ್ಟು ಕೇಳಿಸಿಕೊಂಡುಬಿಟ್ಟಿದ್ದವು. ಅಕ್ಕನ ಸಾಲು ಅಳಿದಿತ್ತು. ಪಿಟೀಲಿನ ಸಾಲಿನೊಳಗೆ ಸೋರಿ ಸೇರಿದ್ದು ಅಳಿದಿರಲಿಲ್ಲ. ಮೇಲೆ ಗಟ್ಟಿಯಾಗಿ ಇನ್ನೊಬ್ಬಳು ಅದೇ ಮಾತು ಹಾಡುತ್ತಿದ್ದುದರಿಂದ ಇಷ್ಟು ವರ್ಷ ಯಾರಿಗೂ ಕೇಳಿಸಲಿಲ್ಲ. ಮಗಳು ಅಂದು ಮಧ್ಯಾಹ್ನವೆಲ್ಲ ಕೂತು, ತೆಗೆಯುವುದಕ್ಕಿರುವ ಉಪಾಯವನ್ನೇ ತಿರುಗುಮುರುಗಾಗಿ ನಡೆಸಿ, ಆ ಧ್ವನಿಯನ್ನು ಪಿಟೀಲುಗಳಿಂದ ಬಿಡಿಸಿ ತೆಗೆದಳು. ತೆಳ್ಳಗೆ, ತಗಡಿನ ಹಾಗೆ, ಅಲ್ಲಲ್ಲಿ ತೂತುಬಿದ್ದು, ಅಂತೂ ಬಂತು.

"ನಾನೂ ಬರ್ಲಾ ಅತ್ತೆ ಮನೆಗೆ?" ಎಂದು ಕೇಳಿದಳು.

"ಬೇಡ. ನಾನೊಬ್ಬನೇ ಹೋಗ್ತೀನಿ."

ಮಾರನೆಯ ದಿನ ಹನ್ನೊಂದು ಗಂಟೆಗೆ ಟೇಪಣ್ಣ ಅಕ್ಕನ ಮನೆಯಿದ್ದ ಮೂರನೇ ಮಹಡಿ ಹತ್ತಿದ. ಅಂಗೈಯಗಲದ ಪ್ಲೇಯರು ಜೇಬಿನಲ್ಲಿತ್ತು, ಹೆಡ್‌ಫೋನು ಚೀಲದಲ್ಲಿತ್ತು. ಬಾಗಿಲು ತೆರೆದೇ ಇತ್ತು. ಅಕ್ಕ ಒಗೆದು ಒಣಗಿಸಿದ ಹಾಸಿಗೆ ಬಟ್ಟೆಗಳ ರಾಶಿಯ ಮುಂದೆ ನಿಂತಿದ್ದಳು.

"ಸರಿಯಾದ ಹೊತ್ತಿಗೇ ಬಂದೆ. ಆ ತುದಿ ಹಿಡ್ಕೋ. ನಿಮ್ಮ ಭಾವ ಕಟಿಂಗ್‌ಗೆ ಹೋಗಿದಾರೆ. ಇರೋ ನಾಲ್ಕು ಕೂದ್ಲಿಗೆ ಎರಡು ಗಂಟೆ ಬೇಕು ಅವರಿಗೆ."

ಅವನು ತುದಿ ಹಿಡಿದ. ಇಬ್ಬರೂ ಎಳೆದು ಕೊಡವಿ ಮಡಿಸಿದರು; ಹತ್ತಿರ ಬಂದಾಗ ಅವನ ಕೈಲಿದ್ದ ತುದಿಗಳನ್ನು ಅವಳು ತೆಗೆದುಕೊಂಡಳು. ಎರಡು ಹೊದಿಕೆ ಹೀಗೆ ಮುಗಿದವು. ಸಿನಿಮಾ ಬಿಡುಗಡೆಯಾಗುವ ಮುಂಚೆಯೇ ಅಕ್ಕ ಹಿಮ್ಮೇಳ ಬಿಟ್ಟು ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದ್ದಳು. ಇಪ್ಪತ್ತೊಂಬತ್ತು ವರ್ಷ, ಯಾವ ವಾರ್ಡು, ಯಾವ ಡಾಕ್ಟರು, ಒಂದು ನಿಮಿಷ ತಡೀರಿ. ಅವಳ ಧ್ವನಿ ಕೇಳಿದರೇ ಅರ್ಧ ಕಾಯಿಲೆ ವಾಸಿಯಾಗುತ್ತದೆ ಎಂದು ಅಲ್ಲಿಯವರು ಹೇಳುತ್ತಿದ್ದರು. ಅದನ್ನು ಅವಳು ಮನೆಗೆ ಬಂದು ನಗುತ್ತ ಹೇಳುತ್ತಿದ್ದಳು. ಟೇಪಣ್ಣ ಆಗೆಲ್ಲ ಬೇರೆ ಮಾತು ತೆಗೆಯುತ್ತಿದ್ದ.

"ಅಕ್ಕ, ಒಂದು ನಿಮಿಷ ಕೂತ್ಕೋ. ಏನೋ ಕೇಳಿಸ್ಬೇಕು ನಿನಗೆ."

"ಕೇಳಿಸು. ಅದಕ್ಕೆ ಯಾಕೆ ಪರೀಕ್ಷೆಗೆ ಬಂದವನ ಹಾಗೆ ಮುಖ ಮಾಡ್ಕೊಂಡಿದೀಯ?"

ಮಂಚದ ತುದಿಗೆ ಕೂತಳು. ಹೆಡ್‌ಫೋನ್ ಹಾಕಿದ ಕೂಡಲೇ ಹಳೆಯ ಅಭ್ಯಾಸದಿಂದ ಒಂದು ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಅವನು ಹಾಡು ಹಾಕಿದ. ಅವಳ ಕಣ್ಣು ಎದುರಿನ ಗೋಡೆಯ ಮೇಲಿತ್ತು. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಬಿಟ್ಟಿತು. ನಾಲ್ಕೂವರೆ ನಿಮಿಷ ಅವಳು ಕದಲಲಿಲ್ಲ.

"ಯಾರಿದು?" ಎಂದಳು ಕೊನೆಗೆ. ಗೊತ್ತಾಗಿತ್ತು. ಆದರೂ ಕೇಳಿದಳು.

"ನೀನೇ ಅಕ್ಕ."

"ನಂದು ಹರಿದುಹೋಯ್ತು ಅಂದಿದ್ದೆ."

ಟೇಪಣ್ಣ ಬಾಯಲ್ಲಿ ತಿರುಗಿಸಿ ತಿರುಗಿಸಿ ತಂದಿದ್ದ ಮಾತುಗಳೆಲ್ಲ ಮೆಟ್ಟಿಲ ಮೇಲೇ ಎಲ್ಲೋ ಉದುರಿಹೋಗಿದ್ದವು. "ಸುಳ್ಳು ಹೇಳಿದ್ದೆ" ಅಂದ.

"ಸುಳ್ಳು ಅಂತ ಗೊತ್ತಿತ್ತು ಕಣೋ."

ಅವನು ತಲೆ ಎತ್ತಿದ.

"ಮೂರನೇ ದಿನಾನೇ ಗೊತ್ತಾಯ್ತು. ನಿನ್ನನ್ನ ಎಲ್ಲಿ ಕೆಲಸದಿಂದ ತೆಗೆದುಬಿಡ್ತಾರೋ ಅಂತ ಮೇಷ್ಟ್ರ ಮನೆಗೆ ಹೋಗಿದ್ದೆ. ಹುಡುಗ ಬೇಕು ಅಂತ ಮಾಡಿಲ್ಲ ಸಾರ್, ಟೇಪ್ ಹರಿದಿದ್ದಕ್ಕೆ ಅವನನ್ನ ಕ್ಷಮಿಸಿ ಅಂತ ಕೈ ಮುಗಿದೆ. ಯಾವ ಟೇಪು ಹರಿದಿದ್ದಮ್ಮ ಅಂದ್ರು ಅವರು. ಆಮೇಲೆ ನನ್ನ ಮುಖ ನೋಡಿ ತಲೆ ತಗ್ಗಿಸಿಬಿಟ್ರು. ಒಂದು ಮಾತೂ ಆಡ್ಲಿಲ್ಲ. ಆಗ ಅರ್ಥ ಆಯ್ತು ನನಗೆ."

"ಏನು ಅರ್ಥ ಆಯ್ತು?"

"ನಾನು ಚೆನ್ನಾಗಿ ಹಾಡಿರ್ಲಿಲ್ಲ ಅಂತ." ಅಕ್ಕ ಇದನ್ನು ಮನೆಯ ವಿಳಾಸ ಹೇಳುವಷ್ಟು ಸಲೀಸಾಗಿ ಹೇಳಿದಳು. "ಆ ಕ್ಷಣಕ್ಕೆ ಎಲ್ಲರಿಗೂ ಚೆನ್ನಾಗಿ ಕಂಡಿರುತ್ತೆ. ಆಮೇಲೆ ಕೂತು ಕೇಳಿದಾಗ ಹುಳುಕು ಗೊತ್ತಾಗಿರುತ್ತೆ. ಇವಳಿಗೆ ಹೇಗಪ್ಪ ಹೇಳೋದು ಅಂತ ನೀನು ತಪ್ಪನ್ನ ಟೇಪಿನ ಮೇಲೆ ಹಾಕಿದೆ ಅನ್ಕೊಂಡೆ. ನನಗೆ ನೋವಾಗಬಾರದು ಅಂತ ನೀನು ಸುಳ್ಳು ಕಟ್ಟಿಕೊಂಡು ಬಂದೆ ಅಂತ ನಿನ್ನ ಮೇಲೆ ಪ್ರೀತಿ ಉಕ್ಕಿ ಬಂತು ಕಣೋ ಅವತ್ತು. ಇಷ್ಟುದ್ದ ಹುಡುಗ, ಎಷ್ಟು ಯೋಚನೆ ಮಾಡಿದಾನಲ್ಲ ಅಂತ."

ಕೆಳಗಿನ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದರು, ಯಾರೋ ತೆರೆದರು.

"ಆಮೇಲೆ ಆ ಹಾಡು ಬಂದಾಗೆಲ್ಲ ನೀನು ಎದ್ದು ಹೋಗಿ ರೇಡಿಯೋ ಆರಿಸ್ತಿದ್ದೆ. ನಿನ್ನ ಮದುವೆ ದಿನ ಕೂತವರ ಕೈಲೆಲ್ಲ ಒಂದೊಂದು ಹಾಡು ಹಾಡಿಸಿದ್ರು. ನನ್ನ ಸರದಿ ಬಂದಾಗ ನೀನು ಊಟಕ್ಕೆ ಏಳಿ ಅಂತ ಎಲ್ಲರನ್ನೂ ಎಬ್ಬಿಸಿದೆ. ಪಾಪ, ನನ್ನ ಮಾನ ಉಳಿಸ್ತಿದಾನೆ ಅನ್ಕೊಂಡೆ. ಕಿವಿ ಇರೋದು ನಿನಗೆ. ನೀನೇ ಕೇಳೋಕೆ ಹೆದರ್ತೀಯ ಅಂದ್ರೆ ಅದು ಎಷ್ಟು ಕೆಟ್ಟದಾಗಿರ್ಬೇಕು! ನಿನ್ನ ಮಗಳು ಹುಟ್ಟಿದಾಗ ಆರು ತಿಂಗಳು ನಿಮ್ಮ ಮನೇಲಿದ್ದೆನಲ್ಲ, ಅದನ್ನ ತೊಡೆ ಮೇಲೆ ಹಾಕ್ಕೊಂಡು ಮಲಗಿಸುವಾಗಲೂ ಹಾಡ್ಲಿಲ್ಲ. ಬರೀ ತಟ್ಟುತ್ತಿದ್ದೆ."

ಟೇಪಣ್ಣ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದ. ಇಷ್ಟು ವರ್ಷವೂ ಅವನು ಅಳಿಸಿದ ನಾಲ್ಕೂವರೆ ನಿಮಿಷಕ್ಕಾಗಿ ಮಾತ್ರ ಕೊರಗಿದ್ದ. ತಪ್ಪು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ. ಅದು ಆಮೇಲೆಯೂ ದಿನವೂ ನಡೆಯುತ್ತಿತ್ತು ಎಂದು, ರೇಡಿಯೋ ಆರಿಸಿದ ಪ್ರತಿ ಸಲವೂ ತಾನು ಮತ್ತೆ ಆ ಗುಂಡಿಯನ್ನೇ ಒತ್ತುತ್ತಿದ್ದೆನೆಂದು ಹೊಳೆದಿರಲಿಲ್ಲ.

ಎಲ್ಲವನ್ನೂ ಹೇಳಿದ. ಯಜಮಾನನ ಪೋಸ್ಟರ್ ಮಾತು, ಮೇಷ್ಟ್ರು ಮಾಡಿಕೊಡು ಎಂದಿದ್ದ ಪ್ರತಿ, ಪಿಟೀಲಿನವರು ಕಮಾನು ತೊಡೆಯ ಮೇಲಿಟ್ಟಿದ್ದು. ಸ್ಟೋರಿನ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದು.

"ಸ್ಟೋರಿನವನಿಗಾ ಹೆದರಿದ್ದು ನೀನು?"

"ಹೂಂ."

"ಆ ಗಿಡ್ಡ ಮನುಷ್ಯನಿಗಾ?"

"ಹೂಂ ಅಕ್ಕ."

ಅವಳಿಗೆ ನಗು ಬಂದ ಹಾಗಾಯಿತು. ಬರಲಿಲ್ಲ. ಅದರ ಬದಲು ಮುಖ ಬಿಗಿದುಕೊಂಡಿತು; ಅವನು ಎಂದೂ ಕಾಣದಿದ್ದ ಒಂದು ಗಡಸು ಅವಳ ತುಟಿಯ ಸುತ್ತ ಕಾಣಿಸಿತು.

"ಒಂದು ಸಲ, ಒಂದೇ ಒಂದು ಸಲ, ಚೆನ್ನಾಗಿತ್ತು ಕಣಕ್ಕ ಅಂತ ಹೇಳಿದ್ರೆ ಆಗ್ತಿತ್ತಲ್ಲೋ. ಟೇಪು ಎಲ್ಲಾದ್ರೂ ಹಾಳಾಗಿ ಹೋಗ್ಲಿ. ಅಷ್ಟು ಮಾತಿಗೆ ಯಾರ ಚೀಟಿ ಬೇಕಿತ್ತು ನಿನಗೆ?"

"ತಪ್ಪಾಯ್ತಕ್ಕ" ಅಂದ. ಹೇಳಿದ ಮೇಲೆ ಅದು ಯಾರದೋ ಕಾಲು ತುಳಿದಾಗ ಆಡುವ ಮಾತಿನಂತೆ ಅವನ ಕಿವಿಗೇ ಕೇಳಿಸಿತು.

ಅಕ್ಕ ಎದ್ದಳು. ರಾಶಿಯಿಂದ ಕೊನೆಯ ಹೊದಿಕೆಯನ್ನು ಎಳೆದು ಒಂದು ತುದಿಯನ್ನು ಅವನತ್ತ ಚಾಚಿದಳು. "ಏಳು. ಇದೊಂದು ಉಳಿದಿದೆ." ಅವನು ಎದ್ದು ಹಿಡಿದ. ಇಬ್ಬರೂ ಎಳೆದರು, ಮಡಿಸಿದರು. ಹತ್ತಿರ ಬಂದಾಗ ಅವಳು ಅವನ ಬೆರಳು ತಾಕದ ಹಾಗೆ ತುದಿಗಳನ್ನು ತೆಗೆದುಕೊಂಡಳು. ಮಡಿಕೆಯನ್ನು ಉಳಿದವುಗಳ ಮೇಲಿಟ್ಟು ಅಂಗೈಯಿಂದ ಸವರಿದಳು.

"ಇನ್ನೊಂದು ಸಲ ಹಾಕು" ಅಂದಳು.

ಈ ಸಲ ಕಣ್ಣು ಮುಚ್ಚಿಕೊಂಡು ಕೇಳಿದಳು. ಒಂದು ಕಡೆ ತಲೆ ಸಣ್ಣಗೆ ಅಲ್ಲಾಡಿತು, ಇನ್ನೊಂದು ಕಡೆ, ಇಲ್ಲಿ ಉಸಿರು ಸಾಲಲಿಲ್ಲ ನೋಡು ಎಂಬಂತೆ ತುಟಿ ಕಚ್ಚಿದಳು. ಮುಗಿದ ಮೇಲೆ ಕಣ್ಣು ತೆರೆದು, ತಮ್ಮನಿಗಲ್ಲ, ಎದುರಿನ ಗೋಡೆಗೆ ಹೇಳಿದಳು.

"ಚೆನ್ನಾಗೇ ಹಾಡಿದೀನಲ್ಲೋ."

ಟೇಪಣ್ಣ ಕಿಟಕಿಯ ಕಡೆ ತಿರುಗಿಕೊಂಡ. ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಒಬ್ಬಾಕೆ ಕುರ್ಚಿಯ ಮೇಲೆ ನಿಂತು ಗಾಜು ಒರೆಸುತ್ತಿದ್ದಳು.

"ಇದು ಹೇಗೆ ಸಿಕ್ತು ನಿನಗೆ?" ಎಂದು ಅಕ್ಕ ಕೇಳಿದಳು. ಅವನು ನರ್ಸಮ್ಮನ ಕಥೆ ಹೇಳಿದ.

"ನನ್ನ ಧ್ವನಿ ಉಳಿದ್ರೆ ಅವರಿಗೆ ಅಡ್ಡ ಬರುತ್ತಲ್ಲ?"

"ಹೂಂ. ಆದ್ರೆ ಅವರಿಗೆ ಏನಾದ್ರೂ ಹೇಳ್ತೀನಿ. ನೀನು ಬೇಡ ಅಂದ್ರೆ ಆ ಹಾಡನ್ನ ಕೊಡೋದೇ ಇಲ್ಲ."

"ಯಾಕೆ ಕೊಡಲ್ಲ? ಹೆಂಗಸು ಆಸೆಪಟ್ಟು ಬಂದಿದಾಳೆ. ಪೂರ್ತಿ ತೆಗೆದೇ ಕೊಡು." ಹೆಡ್‌ಫೋನ್ ತೆಗೆದಿಟ್ಟು, "ಈ ಸಲ ಕೇಳಿ ತೆಗೀತಿದೀಯಲ್ಲ" ಅಂದಳು. ಅವಳ ದನಿಯಲ್ಲಿ ಮೊನಚಿತ್ತೋ ಇರಲಿಲ್ಲವೋ, ಟೇಪಣ್ಣನಂಥ ಕಿವಿಯವನಿಗೂ ತಿಳಿಯಲಿಲ್ಲ.

ಅವನು ಪ್ಲೇಯರನ್ನು ಎತ್ತಿಕೊಳ್ಳಲು ಹೋದಾಗ ಅಕ್ಕ ಅದರ ಮೇಲೆ ಕೈಯಿಟ್ಟಳು.

"ಬರೀ ವಾದ್ಯದ್ದು ಇದೆಯಾ ಇದ್ರಲ್ಲಿ?"

"ಇದೆ. ನರ್ಸಮ್ಮನಿಗೆ ಅಂತ ಶ್ರುತಿ ಇಳಿಸಿದ್ದು. ಇನ್ನೂ ಪೂರ್ತಿ ಸೋಸಿಲ್ಲ, ಹಿಂದೆ ನೀನು ಸ್ವಲ್ಪ ಉಳಿದಿದೀಯ."

"ಇರ್ಲಿ ಬಿಡು. ಜೊತೆಗೊಬ್ರು ಇದ್ದ ಹಾಗಾಗುತ್ತೆ. ಹಾಕು."

ಮತ್ತೆ ಮಂಚದ ತುದಿಗೆ ಕೂತು, ಸೆರಗು ಸರಿಮಾಡಿಕೊಂಡು, ಹೆಡ್‌ಫೋನಿನಿಂದ ಎರಡೂ ಕಿವಿ ಮುಚ್ಚಿಕೊಂಡಳು. ಅವನು ಗುಂಡಿ ಒತ್ತಿ ಗೋಡೆಯ ಬಳಿ ಸರಿದು ಕೂತ. ಅವನಿಗೆ ಕೇಳುತ್ತಿದ್ದುದು ಕೊಳವೆಯಲ್ಲಿ ನೀರು ಏರುವ ಸದ್ದು, ಕೆಳಗೆ ಬೀದಿಯಲ್ಲಿ ಸ್ಕೂಟರು ಹೊರಡಿಸುವ ಸದ್ದು ಮಾತ್ರ. ಆಮೇಲೆ ಅಕ್ಕ ಬಾಯಿ ತೆರೆದಳು.

ಅದು ದಪ್ಪಗಾಗಿದ್ದ, ಅಂಚುಗಳೆಲ್ಲ ಸವೆದ ಧ್ವನಿ. ಮೊದಲ ಸಾಲಿಗೆ ಎರಡು ಕಡೆ ಒಡೆಯಿತು. ಕಿವಿ ಮುಚ್ಚಿದ್ದರಿಂದ ಎಷ್ಟು ಗಟ್ಟಿಯಾಗಿ ಹಾಡುತ್ತಿದ್ದೇನೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ; ಗೊತ್ತಿದ್ದರೆ ತಗ್ಗಿಸುತ್ತಿದ್ದಳು. ಎತ್ತರದ ಸ್ವರಕ್ಕೆ ಹತ್ತಲು ಹೋಗಿ ಜಾರಿದಳು, ಜಾರಿದ ಕಡೆಯಿಂದಲೇ ಎದ್ದು ಮುಂದಕ್ಕೆ ನಡೆದಳು. ಮಾತುಗಳು ಒಂದೂ ಮರೆತಿರಲಿಲ್ಲ. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದು ಬಂದು, ಬಾಗಿಲ ಹೊರಗೆ ಒಂದು ಕ್ಷಣ ನಿಂತು, ಮೇಲಕ್ಕೆ ಹೋಯಿತು.

ಮೊದಲ ಚರಣ ಮುಗಿಯಿತು. ಅಕ್ಕ ಬಾಯಿ ಮುಚ್ಚಿದಳು. ಕೋಣೆ ನಿಶ್ಶಬ್ದವಾಯಿತು. ಈಗ ಪಿಟೀಲುಗಳು ಬರುತ್ತವೆ, ಆಮೇಲೆ ಕೊಳಲು, ಒಟ್ಟು ಹದಿನಾರು ಆವರ್ತ, ಆಮೇಲೆ ಮತ್ತೆ ಧ್ವನಿ. ಟೇಪಣ್ಣನಿಗೆ ಅದು ಬೆರಳ ತುದಿಯಲ್ಲಿತ್ತು. ಅವಳು ಬಲಗೈಯ ತೋರುಬೆರಳನ್ನು ತೊಡೆಯ ಮೇಲಿಂದ ಸ್ವಲ್ಪ ಎತ್ತಿ, ಕಣ್ಣು ಮುಚ್ಚಿ, ಕಾಯುತ್ತ ಕೂತಿದ್ದಳು. ಅವನೂ ಎಣಿಸತೊಡಗಿದ. ಹತ್ತು. ಹನ್ನೊಂದು. ಬಿಸಿಲು ಮಡಿಸಿಟ್ಟ ಹೊದಿಕೆಗಳ ಮೇಲೆ ಬಿದ್ದಿತ್ತು. ಹನ್ನೆರಡು. ಅಕ್ಕನ ಬೆರಳು ಇನ್ನೂ ಮೇಲೆಯೇ ಇತ್ತು.